ಅತ್ತೆಯ ಮನೆಯೋ, ಗೆಳತಿಯರ ಕೋಣೆಯೋ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಗದಗ ಜಿಲ್ಲೆಯ ಹಳ್ಳಿಯೊಂದರಿಂದ ಬಂದು ಧಾರವಾಡದಲ್ಲಿ ಪದವಿಯ ಎರಡನೆಯ ವರ್ಷ ಓದುತ್ತಿದ್ದ ಈ ವಿದ್ಯಾರ್ಥಿನಿ ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಅವಳಿ ನಗರಗಳ ನಡುವಿನ ಸುಮಾರು 20 ಕಿ.ಮೀ. ದಾರಿಯನ್ನು ಚಿಗರಿ ಬಸ್ಸಿನಲ್ಲಿ ನಿತ್ಯ ಓಡಾಡುವುದು ಆಕೆಗೆ ಭಾರವೆನಿಸಿರಲಿಲ್ಲ. ಭಾರವಾಗಿದ್ದದ್ದು ಸಂಜೆಯ ಹೊತ್ತು. ರೊಟ್ಟಿ ಬಡಿದು, ಅತ್ತೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಬಂದವರಿಗೆ ಚಹಾ ಮಾಡಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತು ದಾಟುತ್ತಿತ್ತು. "ಅತ್ತಿ ನನಗ ಒಂದ್ ಮಾತೂ ಬಿರುಸಾಗಿ ಆಡಿಲ್ರಿ ಮೇಡಂ, ಆದ್ರ ಆ ಮನ್ಯಾಗ ಪುಸ್ತಕ ಹಿಡಕೊಂಡು ಕುಂದ್ರಾಕ ನಾಚಿಕಿ ಬರ್ತೈತ್ರಿ" ಎಂದಳು. ಮಳೆ ಕೈಕೊಟ್ಟ ವರ್ಷ ಅತ್ತೆ ಆಕೆಯ ತಂದೆಗೆ ಹಣದ ನೆರವು ನೀಡಿದ್ದರು. ಆ ಋಣವನ್ನು ತಾನು ಮೈಮುರಿದು ತೀರಿಸಬೇಕೆಂದು ಯಾರೂ ಹೇಳದಿದ್ದರೂ ಆಕೆ ಹಾಗೆಯೇ ನಂಬಿದ್ದಳು.

ಇದೇ ಹೊತ್ತಿಗೆ ಆಕೆಯ ಆಪ್ತ ಗೆಳತಿ ಇನ್ನಿಬ್ಬರೊಡನೆ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ನೋಡಿದ್ದಳು; ನಾಲ್ಕನೆಯವಳಾಗಿ ಬಾ, ಈ ವಾರವೇ ಅಡ್ವಾನ್ಸ್ ಕೊಡಬೇಕು ಎಂದು ಒತ್ತಾಯಿಸುತ್ತಿದ್ದಳು. ತಂದೆಗಾದರೋ ಸ್ವಂತ ತಂಗಿಯ ಮನೆ ಬಿಟ್ಟರೆ ಊರಲ್ಲಿ ಮಂದಿ ಏನಂದಾರು ಎಂಬ ಚಿಂತೆ.

ಯಾವ ಮನೆ ಒಳ್ಳೆಯದು ಎಂಬ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ. ಆ ಗೆಳತಿಯೊಡನೆ ಹಣದ ಮಾತು ಆಡಲು ಸಾಧ್ಯವೇ ಎಂದು ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಗೆಳತಿ ತನ್ನಿಂದ ಪಡೆದ ಕೈಗಡ ಇನ್ನೂ ಮರಳಿಲ್ಲವೆಂದೂ ಕೇಳಿದರೆ ಸ್ನೇಹ ಕೆಡುತ್ತದೆಂಬ ಅಂಜಿಕೆ ಇದೆಯೆಂದೂ ತಿಳಿಸಿದಳು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಗಂಟು ಇದ್ದದ್ದು ಇಲ್ಲಿಯೇ. ಅತ್ತೆಯ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದೆ ಬಳಲುತ್ತಿದ್ದವಳು ಅದೇ ಮೌನವನ್ನು ಹೊಸ ಕೋಣೆಗೂ ಹೊತ್ತುಕೊಂಡು ಹೋಗುವುದರಲ್ಲಿದ್ದಳು, ಮತ್ತು ಅಲ್ಲಿ ಬಾಡಿಗೆ, ಗ್ಯಾಸ್, ಕರೆಂಟ್ ಬಿಲ್ ಎಂದು ಪ್ರತಿ ತಿಂಗಳೂ ಆ ಮೌನದ ಬೆಲೆ ತೆರಬೇಕಾಗುತ್ತಿತ್ತು.

ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಆ ಕೈಗಡವನ್ನು ಕೇಳಿ ಪಡೆಯಬೇಕೆಂದು ಸಲಹೆ ನೀಡಿದೆ. ನಾಲ್ವರೂ ಕುಳಿತು ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಬೆಳಗಿನ ಜಾವ ಓದುವವರು ಯಾರು, ನಡುವೆ ಒಬ್ಬರು ಬಿಟ್ಟು ಹೋದರೆ ಅವರ ಪಾಲಿನ ಬಾಡಿಗೆ ಯಾರದು ಎಂಬುದನ್ನು ಬರೆದಿಟ್ಟುಕೊಳ್ಳಲು ಹೇಳಿದೆ. ಕೋಣೆಯನ್ನು ಕತ್ತಲಾದ ಮೇಲೂ ಒಮ್ಮೆ ನೋಡಬೇಕು, ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಬೇಕು. ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾಯುವ ಬಡಾವಣೆಗಳು ಇಲ್ಲಿ ಹಲವಿವೆ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿಗೂ, ಅಲ್ಲಿ ಸೀಟು ಸಿಗದಿದ್ದರೆ ಊಟ ಮತ್ತು ವಸತಿಗೆ ನೆರವು ನೀಡುವ ವಿದ್ಯಾಸಿರಿ ಯೋಜನೆಗೂ ಅರ್ಜಿ ಹಾಕಲು ತಿಳಿಸಿದೆ.

ತಂದೆಯೊಡನೆ ನಾನೇ ಮಾತನಾಡಿದೆ. ಮಗಳು ಮನೆ ಬಿಡುವ ವಿಷಯವನ್ನು ಅತ್ತೆಗೆ ಆಕೆಯಿಂದ ಹೇಳಿಸಬಾರದು, ಅಣ್ಣನಾಗಿ ನೀವೇ ಹೋಗಿ ಹೇಳಬೇಕು, ಹಣದ ಋಣ ನಿಮ್ಮಿಬ್ಬರ ನಡುವಿನದು ಎಂಬುದನ್ನು ಮಗಳ ಎದುರಿಗೇ ಆಡಬೇಕು ಎಂದು ಕೇಳಿಕೊಂಡೆ. ಅವರು ಒಪ್ಪಿದರು, ಆ ಮಾತು ಕೇಳಿ ಹುಡುಗಿ ಅತ್ತುಬಿಟ್ಟಳಂತೆ.

ಕೈಗಡ ಕೇಳಿದ್ದಕ್ಕೆ ಗೆಳತಿ ಸಿಟ್ಟಾದಳು, ಬಳಿಕ ಅರ್ಧ ಹಣ ಕೊಟ್ಟಳು. ಸಪ್ತಾಪುರದ ಆ ಕೋಣೆ ಬೇಡವೆಂದು ತೀರ್ಮಾನಿಸಿದ್ದು ವಿದ್ಯಾರ್ಥಿನಿಯೇ. ತನ್ನಂತೆಯೇ ಬೆಳಗಿನ ಜಾವ ಎದ್ದು ಓದುವ ಮತ್ತೊಬ್ಬ ಸಹಪಾಠಿಯ ಜೊತೆ ಈಗ ಕಾಲೇಜಿನ ಹತ್ತಿರದ ಪಿಜಿಯಲ್ಲಿದ್ದಾಳೆ; ಹಬ್ಬಕ್ಕೆ ಅತ್ತೆಯ ಮನೆಗೆ ಹೋಗಿಬರುತ್ತಾಳೆ. ಅತ್ತೆಯ ಮುನಿಸು ಪೂರ್ತಿ ಕಳೆದಿಲ್ಲ. ಮುಂದಿನ ಭೇಟಿಗೆ ಸಾಧ್ಯವಾದರೆ ಅವರನ್ನೂ ಕರೆತರುವಂತೆ ತಂದೆಗೆ ಹೇಳಿದ್ದೇನೆ.