ಗದಗಿನ ಜಿನ್ನಿಗೂ ಬಾಟಲಿಯ ಜಿನ್ನಿಗೂ ನಂಟಿದೆಯೇ?

ಪ್ರಶ್ನೆ: ನಮ್ಮದು ಗದಗ ತಾಲ್ಲೂಕು. ನಮ್ಮ ಕಡೆ ‘ಜಿನ್ನು’ ಅಂದ್ರ ಹತ್ತಿಯಿಂದ ಕಾಳು ಬ್ಯಾರೆ ಮಾಡೋ ಫ್ಯಾಕ್ಟರಿ. ಮೊನ್ನೆ ಹತ್ತಿ ಬಗ್ಗೆ ಇದ್ದ ಒಂದು ಇಂಗ್ಲಿಷ್ ಕೈಪಿಡಿಯನ್ನ ಮೊಬೈಲಿನಾಗ ಕನ್ನಡಕ್ಕ ತಿರುಗಿಸಿದ್ರ, ‘ರೈತರು ಹತ್ತಿಯನ್ನು ಮದ್ಯಕ್ಕೆ ಒಯ್ಯುತ್ತಾರೆ’ ಅಂತ ಬಂತು. ಒಂದ ಪದಕ್ಕ ಇಂಥಾ ಎರಡು ಅರ್ಥ ಹೆಂಗ ಬಂದ್ವು? ಕೈಪಿಡಿಯೊಳಗ ಕನ್ನಡದಾಗ ಏನಂತ ಬರೀಬೇಕು?

ಉತ್ತರ: ಇಂಗ್ಲಿಷಿನಲ್ಲಿ ‘ಜಿನ್’ ಒಂದು ಮದ್ಯದ ಹೆಸರೂ ಹೌದು. ಆದರೆ ಒಂದು ಪದಕ್ಕೆ ಎರಡು ಅರ್ಥ ಬಂದದ್ದಲ್ಲ, ಎರಡು ಬೇರೆ ಪದಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಒಂದಕ್ಕೆ ತಲೆ ಹೋಯಿತು, ಇನ್ನೊಂದಕ್ಕೆ ಬಾಲ ಹೋಯಿತು. ಆಟೋರಿಕ್ಷಾವನ್ನು ಕೆಲವರು ‘ಆಟೋ’ ಅನ್ನುತ್ತಾರೆ, ಕೆಲವರು ‘ರಿಕ್ಷಾ’ ಅನ್ನುತ್ತಾರಲ್ಲ, ಪದ ಎರಡೂ ತುದಿಯಿಂದ ಸವೆಯುತ್ತದೆ.

ಹತ್ತಿಯ ಜಿನ್ ಎಂದರೆ ತಲೆ ಹೋದ ‘ಎಂಜಿನ್’. ಲ್ಯಾಟಿನ್ನಿನಲ್ಲಿ ‘ಇಂಗೇನಿಯುಮ್’ ಎಂದರೆ ಹುಟ್ಟಿನಿಂದ ಬಂದ ಬುದ್ಧಿ. ಅದು ಹಳೆಯ ಫ್ರೆಂಚಿನಲ್ಲಿ ‘ಎಂಜಿನ್’ ಆಗಿ ಜಾಣತನ, ಹಂಚಿಕೆ, ಆಮೇಲೆ ಹಂಚಿಕೆ ಹಾಕಿ ಮಾಡಿದ ಸಾಧನ ಎಂಬ ಅರ್ಥಗಳನ್ನು ಪಡೆಯಿತು. ಫ್ರೆಂಚರ ಬಾಯಲ್ಲಿ ಒತ್ತು ಬೀಳುತ್ತಿದ್ದದ್ದು ‘ಜಿನ್’ ಮೇಲೆ. ಹಾಗಾಗಿ ಸುಮಾರು 1200ರ ಹೊತ್ತಿಗೆ ಇಂಗ್ಲಿಷಿಗೆ ಬರುವಾಗ ಒತ್ತಿಲ್ಲದ ‘ಎಂ’ ಉದುರಿಹೋಯಿತು. ಉದುರದೆ ಉಳಿದ ರೂಪವೂ ಇಂಗ್ಲಿಷಿನಲ್ಲೇ ಇದೆ, ಅದೇ ಎಂಜಿನ್. ಎಂಜಿನಿಯರ್ ಅದರ ಬೆನ್ನಿಗೆ ಬಂದವನು; ಮೊದಲು ಅವನ ಕೆಲಸ ಕೋಟೆ ಒಡೆಯುವ ಯಂತ್ರ ಕಟ್ಟುವುದಾಗಿತ್ತು.

ಹಂಚಿಕೆಯ ಸಾಧನ ಎಂಬ ಈ ಒಂದೇ ತಿರುಳಿನಿಂದ ಹಲವು ಅರ್ಥ ಕವಲೊಡೆದವು. ಪ್ರಾಣಿ ಹಿಡಿಯುವ ಬಲೆ, ಉರುಲು ಒಂದು. ಹಲ್ಲುಗಳ ಕಬ್ಬಿಣದ ದವಡೆಯಿರುವ ‘ಜಿನ್ ಟ್ರ್ಯಾಪ್’ ಪ್ರಾಣಿಯ ಕಾಲನ್ನೇ ಕಚ್ಚಿ ಹಿಡಿಯುತ್ತಿತ್ತು. ಇಂಗ್ಲೆಂಡಿನಲ್ಲಿ ಅದನ್ನು 1958ರಲ್ಲಿ ನಿಷೇಧಿಸಿದರು. ಗಣಿಯಲ್ಲಿ ಕುದುರೆ ಸುತ್ತುತ್ತ ಭಾರ ಎಳೆಯುವ ಯಂತ್ರ ಇನ್ನೊಂದು. ಭಾರ ಎತ್ತಲು ಮೂರು ಕಂಬ ನೆಟ್ಟು ನೆತ್ತಿಗೆ ಕಪ್ಪಿ ಕಟ್ಟಿದ್ದಕ್ಕೂ ಜಿನ್ ಎಂದೇ ಹೆಸರು. ನಿಮ್ಮ ಹೊಲದ ಬೋರ್‌ವೆಲ್‌ನಿಂದ ಮೋಟಾರು ಮೇಲೆತ್ತಲು ನಿಲ್ಲಿಸುವ ಮೂರುಗಾಲಿನ ಚೌಕಟ್ಟು ಇದೇ ಜಾತಿಯದು. ಕಾಲುಗಳ ಬುಡಕ್ಕೆ ತಗ್ಗು ತೆಗೆಯದೆ, ಹಗ್ಗದಿಂದ ಒಂದಕ್ಕೊಂದು ಕಟ್ಟದೆ ನಿಲ್ಲಿಸಿದರೆ ಭಾರಕ್ಕೆ ಕಾಲು ಜಾರಿ ಹಿಗ್ಗುತ್ತವೆ, ಅನಾಹುತ ಅಲ್ಲೇ.

ಬಾಟಲಿಯ ಜಿನ್ ಬಾಲ ಹೋದ ‘ಜಿನೀವಾ’. ಸ್ವಿಟ್ಜರ್ಲೆಂಡಿನ ಊರಿಗೂ ಇದಕ್ಕೂ ಸಂಬಂಧವಿಲ್ಲ. ಈ ಮದ್ಯಕ್ಕೆ ವಾಸನೆ ಕೊಡುವುದು ಜುನಿಪರ್ ಎಂಬ ಗಿಡದ ಕಾಯಿ. ಆಯುರ್ವೇದದಲ್ಲಿ ‘ಹಪುಷಾ’ ಎನ್ನುವುದು ಇದನ್ನೇ. ಲ್ಯಾಟಿನ್ನಿನ ‘ಯೂನಿಪೆರುಸ್’ ಫ್ರೆಂಚಿನ ದಾರಿಯಾಗಿ ಡಚ್ಚರಲ್ಲಿ ‘ಯೆನೇವರ್’ ಆಯಿತು. ಇಂಗ್ಲಿಷರು ಅದನ್ನು ತಮಗೆ ಗೊತ್ತಿದ್ದ ಊರಿನ ಹೆಸರಿಗೆ ಹೊಂದಿಸಿ ಜಿನೀವಾ ಎಂದರು, ಆಮೇಲೆ ಅರ್ಧ ನುಂಗಿದರು. 1714ರ ಹೊತ್ತಿಗೆ ‘ಜಿನ್’ ಎಂಬ ಮೊಟಕು ರೂಪ ಅಚ್ಚಿನಲ್ಲಿ ಕಾಣುತ್ತದೆ. ಎಂದರೆ ಯಂತ್ರದ ಜಿನ್ನಿಗಿಂತ ಬಾಟಲಿಯ ಜಿನ್ ಸುಮಾರು 500 ವರ್ಷ ಚಿಕ್ಕದು.

ನಿಘಂಟು ನೋಡುವವರು ಇದನ್ನು ಸುಲಭವಾಗಿ ಹಿಡಿಯಬಹುದು. ಮೂಲ ಬೇರೆಯಾದರೆ ಒಳ್ಳೆಯ ನಿಘಂಟು ಪದವನ್ನೇ ಬೇರೆ ಬೇರೆ ನಮೂದಾಗಿ ಕೊಟ್ಟು, ತಲೆಯ ಬಳಿ ಸಣ್ಣ ಅಂಕಿ ಹಾಕುತ್ತದೆ. ಮೂಲ ಒಂದೇ ಆಗಿ ಅರ್ಥ ಹಲವಾದರೆ ಒಂದೇ ನಮೂದಿನ ಒಳಗೆ ಅಂಕಿ ಬರುತ್ತದೆ. ಕಿಟೆಲ್ಲರ 1894ರ ಕನ್ನಡ ನಿಘಂಟಿನಲ್ಲೂ ಇದೇ ಪದ್ಧತಿ. ಅರ್ಧ ಎಂಬ ‘ಅರೆ’, ಬಂಡೆ ಎಂಬ ‘ಅರೆ’, ಮಸಾಲೆ ‘ಅರೆ’ ಎನ್ನುವಾಗಿನ ‘ಅರೆ’ ಇಂಥವೇ. ಮೊಬೈಲಿನ ಅನುವಾದ ಎಡವಿದ್ದು ಎಲ್ಲಿ ಎಂದರೆ ಈ ಮೇಲಿನ ಅಂಕಿಯಲ್ಲಿ. ಪಕ್ಕದಲ್ಲೇ ‘ಹತ್ತಿ’ ಇದ್ದರೂ ಅದಕ್ಕೆ ಸುಳಿವು ಸಿಗಲಿಲ್ಲ.

ಇನ್ನು ಕನ್ನಡದಲ್ಲಿ ಏನು ಬರೆಯಬೇಕು? ಇಲ್ಲಿ ಮನುಷ್ಯರೂ ಎಡವುತ್ತಾರೆ. ‘ಹತ್ತಿ ಬಿಡಿಸುವ ಯಂತ್ರ’ ಎಂದು ಬರೆದರೆ ನಮ್ಮ ಭಾಗದ ರೈತರು ಹೊಲದಲ್ಲಿ ಗಿಡದಿಂದ ಹತ್ತಿ ಬಿಡಿಸುವುದು ಎಂದುಕೊಳ್ಳುತ್ತಾರೆ. ‘ಹಿಂಜುವ ಯಂತ್ರ’ವೂ ತಪ್ಪು, ಹಿಂಜುವುದು ಕಾಳು ತೆಗೆದ ಮೇಲೆ, ಅರಳೆಯ (ಕಾಳಿಲ್ಲದ ಹತ್ತಿಯ) ಎಳೆ ಸಡಿಲಿಸುವ ಕೆಲಸ. ಮೊದಲ ಸಲ ‘ಹತ್ತಿಯಿಂದ ಕಾಳು ಬೇರ್ಪಡಿಸುವ ಯಂತ್ರ, ಅಂದರೆ ಜಿನ್’ ಎಂದು ಬರೆದು, ಮುಂದೆ ‘ಜಿನ್’ ಎಂದೇ ಸಾಗಿರಿ. ಕಾರ್ಖಾನೆಗೆ ‘ಜಿನ್ನಿಂಗ್ ಫ್ಯಾಕ್ಟರಿ’ ಎಲ್ಲರಿಗೂ ಗೊತ್ತು. ಹೊಸ ಸಂಸ್ಕೃತ ಪದ ಕಟ್ಟುವ ಗೋಜು ಬೇಡ.

ಕೈಪಿಡಿಯಲ್ಲಿ ‘ಸಾ ಜಿನ್’, ‘ರೋಲರ್ ಜಿನ್’ ಎರಡೂ ಬರುತ್ತವೆ, ಒಂದೇ ಮಾಡಬೇಡಿ. ಸಾ ಜಿನ್ನಿನಲ್ಲಿ ಗರಗಸದ ಹಲ್ಲಿನ ಬಿಲ್ಲೆಗಳು ತಿರುಗುತ್ತ, ಇಕ್ಕಟ್ಟಾದ ಕಬ್ಬಿಣದ ಪಟ್ಟಿಗಳ ನಡುವಿನಿಂದ ಎಳೆಯನ್ನು ಕಿತ್ತೆಳೆಯುತ್ತವೆ. ಸಂದಿಯಲ್ಲಿ ಕಾಳು ತೂರದೆ ಈಚೆಗೇ ಉಳಿಯುತ್ತದೆ. ಅಮೆರಿಕದ ಎಲಿ ವಿಟ್ನಿ 1794ರಲ್ಲಿ ಪೇಟೆಂಟ್ ಪಡೆದ ಜಿನ್ನಿನಲ್ಲಿ ಬಿಲ್ಲೆಯ ಬದಲು ತಂತಿಯ ಕೊಕ್ಕೆಗಳಿದ್ದವು. ಕೊಕ್ಕೆಗೆ ಅಂಟಿದ ಅರಳೆಯನ್ನು ತಿರುಗುವ ಬ್ರಷ್ ಉದುರಿಸುತ್ತಿತ್ತು. ರೋಲರ್ ಜಿನ್ನಿನಲ್ಲಿ ಕೀಳುವ ಹಲ್ಲಿಲ್ಲ. ಚರ್ಮದ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿದ ಉರುಳೆಗೆ ಎಳೆ ಅಂಟಿಕೊಂಡು, ಅದಕ್ಕೆ ಒತ್ತಿ ನಿಂತ ಚಾಕುವಿನ ಕೆಳಗೆ ನುಸುಳುತ್ತದೆ. ಆ ಚಾಕುವಿಗೆ ತಡೆದು ನಿಂತ ಕಾಳನ್ನು ಮೇಲೆ ಕೆಳಗೆ ಆಡುವ ಇನ್ನೊಂದು ಚಾಕು ಬಡಿದು ಬೀಳಿಸುತ್ತದೆ. ಭಾರತದಲ್ಲಿ ಹೆಚ್ಚಾಗಿ ಇರುವುದು ಎರಡು ಉರುಳೆಗಳ ಇದೇ ಜಿನ್. ಬರಹದಲ್ಲಿ ‘ಡಿಆರ್’ (ಡಬಲ್ ರೋಲರ್) ಎಂದು ಕಂಡರೆ ಇದು.

ಎರಡರ ವ್ಯತ್ಯಾಸಕ್ಕೆ ಧಾರವಾಡದ್ದೇ ಚರಿತ್ರೆಯಿದೆ. ಹಳೆಯ ಕಾಲಕ್ಕೆ ಇಲ್ಲಿ ಸಪಾಟಾದ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಕಾಳು ತೆಗೆಯುತ್ತಿದ್ದರು. ನಾಡ ಹತ್ತಿಗೆ ಅದು ಸಾಕಾಗುತ್ತಿತ್ತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ತರಿಸಿತು. ಅದರ ಬೆಳೆಗೆ ಪೇಟೆಯಲ್ಲಿ ‘ಧಾರವಾಡ ಅಮೆರಿಕನ್’ ಎಂದೇ ಹೆಸರು ಬಿತ್ತು. ಆ ಹತ್ತಿಯ ಎಳೆ ಕಾಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಕಾಲಿನ ಸಲಾಕೆ ಸೋತಿತು, ಸಾ ಜಿನ್ ಬೇಕಾಯಿತು. ಆದರೆ ಹಲ್ಲು ಎಳೆಯನ್ನು ತುಂಡರಿಸುತ್ತದೆ. 1972ರಲ್ಲಿ ಧಾರವಾಡದಿಂದಲೇ ಬಂದ ವರಲಕ್ಷ್ಮಿಯಂಥ ಉದ್ದ ಎಳೆಯ ತಳಿಗೆ ರೋಲರ್ ಜಿನ್ನೇ ಸರಿ.

ಅಂಕಿಗಳನ್ನು ತಿರುಗಿಸುವಾಗಲೂ ಎಚ್ಚರ. 100 ಕಿಲೊ ಕಾಳಿದ್ದ ಹತ್ತಿಗೆ ಅರಳೆ ಸುಮಾರು 33ರಿಂದ 36 ಕಿಲೊ. ಉಳಿದದ್ದು ಬಹುಪಾಲು ಹತ್ತಿಕಾಳು. ಇಂಗ್ಲಿಷಿನಲ್ಲಿ ಬರೇ ‘ಕಾಟನ್’ ಎಂದಿದ್ದರೆ ಕಾಳಿದ್ದ ಹತ್ತಿಯೋ ಅರಳೆಯೋ ಎಂದು ಹಿಂದಿನ ಸಾಲು ನೋಡಿ ನಿರ್ಧರಿಸಿ, ಇಲ್ಲವಾದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ. ಭಾರತದ ಒಂದು ಬೇಲು, ಅಂದರೆ ಒತ್ತಿ ಕಟ್ಟಿದ ಮೂಟೆ, 170 ಕಿಲೊ ಅರಳೆ. ತೇವ ಶೇ 6ರಿಂದ 8ರಷ್ಟಿರಬೇಕು ಎಂದು ಬರೆದಿದ್ದರೆ ಕಾರಣವನ್ನೂ ಸೇರಿಸಿ: ಹಸಿ ಹತ್ತಿ ಉರುಳೆಗೆ ಸುತ್ತಿಕೊಂಡು ಕಾಳು ಒಡೆಯುತ್ತದೆ, ತೀರಾ ಒಣಗಿದ್ದರೆ ಎಳೆ ಮುರಿಯುತ್ತದೆ.

ಪ್ರಶ್ನೆ: ನಾವು ರಾಣೆಬೆನ್ನೂರ ಕಡೆ ಹತ್ತಿಯ ಬೀಜೋತ್ಪಾದನೆ ಮಾಡುವವರು. ಬಿಟಿ ಹತ್ತಿಯ ‘ಜೀನ್’, ಉಡುವ ಜೀನ್ಸ್, ಕುದುರೆಯ ಜೀನು, ಭೂತದ ಜಿನ್, ಇವೆಲ್ಲ ಒಂದೇ ಬಳ್ಳಿಯವೇ?

ಉತ್ತರ: ಒಂದು ಮಾತ್ರ. ತಳಿಗುಣದ ‘ಜೀನ್’ ಪದವನ್ನು 1909ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನ್, ಹುಟ್ಟು ಎಂಬರ್ಥದ ಗ್ರೀಕ್ ಮೂಲದಿಂದ ಕಟ್ಟಿದರು. ಹತ್ತಿ ಜಿನ್ನಿನ ಹಿಂದಿರುವ ಲ್ಯಾಟಿನ್ ಧಾತುವೂ, ಸಂಸ್ಕೃತದ ‘ಜನ್’ ಧಾತುವೂ ಇದರ ಒಡಹುಟ್ಟುಗಳೇ. ನಮ್ಮ ಜನ, ಜನ್ಮ, ಜಾತಿ ಎಲ್ಲ ಅದೇ ಬಳ್ಳಿ. ಆದ್ದರಿಂದ ನಿಮ್ಮ ಹತ್ತಿಯೊಳಗಿನ ಜೀನೂ ಅದರ ಕಾಳು ತೆಗೆಯುವ ಜಿನ್ನೂ ದೂರದ ದಾಯಾದಿಗಳು.

ಉಡುವ ಜೀನ್ಸ್ ಇಟಲಿಯ ಜಿನೋವಾ ಊರಿನದು. ಅಲ್ಲಿಂದ ಬರುತ್ತಿದ್ದ ದಪ್ಪ ಬಟ್ಟೆಗೆ ಊರಿನ ಹೆಸರೇ ಅಂಟಿತು. ಕುದುರೆಯ ಜೀನು ಪಾರಸಿಯ ‘ಝೀನ್’. ಭೂತದ ಜಿನ್ ಅರಬ್ಬಿ, ಮರೆಯಾಗಿರು ಎಂಬ ಧಾತುವಿನದು. ಇಂಗ್ಲಿಷಿನ ‘ಜೀನಿ’ ಮಾತ್ರ ಲ್ಯಾಟಿನ್ ಬಳ್ಳಿಯ ಫ್ರೆಂಚ್ ಪದ. ಅರಬ್ಬಿ ಕಥೆಗಳನ್ನು ಫ್ರೆಂಚಿಗೆ ತರುವಾಗ ದನಿ ಹೋಲಿತೆಂದು ಜಿನ್ನಿಯ ಜಾಗದಲ್ಲಿ ಕೂಡಿಸಿದರು. ನೀವು ಕೇಳದಿದ್ದರೂ ಇನ್ನೊಂದು: ಲಕ್ಕುಂಡಿಯ ಬ್ರಹ್ಮ ಜಿನಾಲಯದ ‘ಜಿನ’ ಇವರ್ಯಾರ ಕುಲಕ್ಕೂ ಸೇರಿದವನಲ್ಲ, ಗೆಲ್ಲು ಎಂಬ ‘ಜಿ’ ಧಾತುವಿನಿಂದ ಬಂದವನು.

ಪ್ರಶ್ನೆ: ಇಸ್ಪೀಟಿನ ‘ಜಿನ್ ರಮ್ಮಿ’ಯಲ್ಲಿ ಜಿನ್ ಎಲ್ಲಿಂದ ಬಂತು? (ಹುಬ್ಬಳ್ಳಿ)

ಉತ್ತರ: ಚೇಷ್ಟೆಯಿಂದ. ‘ರಮ್ಮಿ’ಯಲ್ಲಿ ರಮ್ ಕಂಡವರು ಪಕ್ಕಕ್ಕೆ ಇನ್ನೊಂದು ಬಾಟಲಿ ಇಟ್ಟರು ಎನ್ನುವುದೇ ಹೆಚ್ಚು ಒಪ್ಪಿತವಾದ ವಿವರಣೆ.