ಮಿನಿಮಮ್ ಕಟ್ಟಿದ್ರೂ ಸಾಲ ಯಾಕ ಕರಗವಲ್ದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬಳ್ಳಾರಿಯೊಳಗ ಜೀನ್ಸ್ ಹೊಲಿಯೋ ಯೂನಿಟ್ ಒಂದ್ರಾಗ ಲೆಕ್ಕ ಬರೀತೀನ್ರಿ, ಸಂಬಳ 24 ಸಾವಿರ. ತಂಗಿ ಮದುವಿಗಂತ ಕ್ರೆಡಿಟ್ ಕಾರ್ಡ್ ಉಜ್ಜಿದ್ದು 80 ಸಾವಿರ ಆತು. ಏಳು ತಿಂಗ್ಳಾತು, ಮಿನಿಮಮ್ ಡ್ಯೂ (ಕಡಿಮಿ ಅಂದ್ರೂ ಇಷ್ಟು ಕಟ್ಟಲೇಬೇಕು ಅಂತ ಬಿಲ್ಲಿನಾಗ ಇರೋ ಮೊತ್ತ) ಅಂತ ತಿಂಗ್ಳಾ 4 ಸಾವಿರದ ಹತ್ರ ಕಟ್ಟಾಕತ್ತೀನಿ, ಒಂದ್ ಸಲಾನೂ ಲೇಟ್ ಮಾಡಿಲ್ಲ, ಆದ್ರೂ ಬಿಲ್ ತಗದು ನೋಡಿದ್ರ ಇನ್ನೂ 75 ಸಾವಿರದ ಮ್ಯಾಲೇ ಐತಿ. ಬ್ಯಾಂಕಿನವರು ಮೋಸ ಮಾಡಾಕತ್ತಾರೇನ್ರಿ?

ಉತ್ತರ: ಮೋಸ ಇಲ್ರಿ, ಅದೇ ಬ್ಯಾಸರದ ಸಂಗತಿ. ಎಲ್ಲಾ ಆ ಬಿಲ್ಲಿನಾಗೇ ಬರದೈತಿ, ಸಣ್ಣ ಅಕ್ಷರದಾಗ.

ನೀವು ಲೆಕ್ಕ ಬರಿಯೋರು, ಒಂದ್ ಸಲ ನನ್ ಜೋಡಿ ಕೂಡ್ರಿ. ಬಹಳಷ್ಟು ಕಾರ್ಡಿನ ಬಡ್ಡಿ ತಿಂಗ್ಳಿಗೆ 3.5ರಿಂದ 3.75 ಪರ್ಸೆಂಟ್ ಇರ್ತೈತಿ, ನಾವು 3.5 ಅಂತಾನೇ ಹಿಡಿಯೋಣ. 80 ಸಾವಿರಕ್ಕ ಒಂದ್ ತಿಂಗ್ಳ ಬಡ್ಡಿ 2,800, ಆ ಬಡ್ಡಿ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ ಅಂದ್ರ 504, ಕೂಡಿದ್ರ 3,304. ನೀವು ಕಟ್ಟಿದ 4 ಸಾವಿರದಾಗ ಅಸಲಿಗೆ ಹೋಗಿದ್ದು ಬರೇ 696 ರೂಪಾಯಿ. ಹಿಂಗೇ ವರ್ಷಪೂರ್ತಿ, ಹೊಸದಾಗಿ ಒಂದ್ ರೂಪಾಯಿನೂ ಉಜ್ಜದೆ, ಮಿನಿಮಮ್ ಅಂತ ಬಾಕಿಯ 5 ಪರ್ಸೆಂಟ್ ಅಷ್ಟೇ ಕಟ್ಕೋತ ಹೋದ್ರ ನಿಮ್ಮ ಕೈಯಿಂದ ಹೆಚ್ಚುಕಡಿಮಿ 45 ಸಾವಿರ ಹೋಗಿರ್ತೈತಿ, ಸಾಲ ಇಳಿದಿರೋದು 8 ಸಾವಿರದಷ್ಟು.

ಪರ್ಸೆಂಟ್ ಅಂದ್ರ ನಮ್ ಮಂದಿಗೆ ಬಿಸಿ ಹತ್ತಂಗಿಲ್ಲ, ನಮ್ ಕಡೆ ಮಾತಿನಾಗ ಹೇಳ್ತೀನಿ: ಇದು ನೂರಕ್ಕ ಮೂರೂವರಿ ಬಡ್ಡಿ. ಊರಾಗಿನ ಸಾವ್ಕಾರ ಯಾವನರ ನೂರಕ್ಕ ಮೂರೂವರಿ ಅಂದಿದ್ರ ನೀವು ಚಾನೂ ಕುಡೀದೆ ಎದ್ದು ಬರ್ತಿದ್ರಿ, ಹೌದಲ್ಲೋ? ಇದು ಅಷ್ಟೇ ಬಡ್ಡಿ, ಆದ್ರ ಎಸಿ ಹಾಕಿದ ಆಫೀಸಿಂದ ಬಂದೈತಿ, ಮೆಸೇಜಿನಾಗ ಡಿಯರ್ ಕಸ್ಟಮರ್ ಅಂತೈತಿ, ಅದಕ್ಕ ಗೊತ್ತಾಗವಲ್ದು. ಕಾನೂನು ಕೈ ಹಿಡಿತೈತಿ ಅಂತಾನೂ ಕಾಯಬ್ಯಾಡ್ರಿ. ವರ್ಷಕ್ಕ 30 ಪರ್ಸೆಂಟ್ ದಾಟಿದ ಕಾರ್ಡ್ ಬಡ್ಡಿ ತಪ್ಪು ಅಂತ 2008ರಾಗ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು, ಆ ಆದೇಶಾನ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಾಗ ರದ್ದು ಮಾಡಿಬಿಡ್ತು.

ಈಗೇನ್ ಮಾಡಬೇಕು ಅಂದ್ರ, ತುಟ್ಟಿ ಸಾಲ ಒಗದು ಸೋವಿ ಸಾಲ ತಗೋರಿ. 80 ಸಾವಿರಾನ ವರ್ಷಕ್ಕ 14 ಪರ್ಸೆಂಟಿನ ಪರ್ಸನಲ್ ಲೋನ್ ಮಾಡಿ ಎರಡು ವರ್ಷಕ್ಕ ಹಾಕಿದ್ರ ಕಂತು 3,841 ರೂಪಾಯಿ. ಈಗ ಕಟ್ಟೋ ಮಿನಿಮಮ್‌ಗಿಂತ ಕಡಿಮಿ, ಮ್ಯಾಲೆ 24ನೇ ತಿಂಗ್ಳಿಗೆ ಸಾಲಾನೇ ಇರಂಗಿಲ್ಲ! ನೀವು ಲೇಟ್ ಮಾಡದೆ ಕಟ್ಟೀರಿ, ಅದು ಲೋನ್ ಕೇಳುವಾಗ ಉಪಯೋಗಕ್ಕ ಬರ್ತೈತಿ. ಲೋನ್ ಸಿಗಲಿಲ್ಲಂದ್ರ ಮನ್ಯಾಗ ಬಂಗಾರ ಇದ್ರ ಬ್ಯಾಂಕಿನ ಗೋಲ್ಡ್ ಲೋನ್ ಇನ್ನೂ ಸೋವಿ ಬೀಳ್ತೈತಿ (ಮನಿಯಾಕಿನ್ನ ಒಪ್ಪಿಸೋದು ನಿಮ್ಮ ಕೆಲಸ, ಅದರಾಗ ನಾನು ಬರಂಗಿಲ್ಲ). ಅದೂ ಆಗಲಿಲ್ಲಂದ್ರ ಕಾರ್ಡಿನ ಬ್ಯಾಂಕಿಗೇ ಫೋನ್ ಹಚ್ಚಿ ಇಡೀ ಬಾಕಿನ ಇಎಂಐ ಮಾಡಿಕೊಡ್ರಿ ಅನ್ರಿ, ಪ್ರೊಸೆಸಿಂಗ್ ಫೀ ಎಷ್ಟು ಅಂತ ಮದ್ಲೇ ಕೇಳ್ರಿ.

ಇನ್ನೊಂದು, ಬಾಕಿ ಇರೋ ತನಕ ಆ ಕಾರ್ಡ್ ಮುಟ್ಟಬ್ಯಾಡ್ರಿ, ಪೆಟ್ರೋಲಿಗೂ ಬ್ಯಾಡ. ಪೂರ್ತಿ ಬಿಲ್ ಕಟ್ಟದವರಿಗೆ ಬಡ್ಡಿ ಇಲ್ಲದ ದಿನಗಳು ಅನ್ನೋದು ಇರಂಗಿಲ್ಲ, ಉಜ್ಜಿದ ದಿನದಿಂದಾನೇ ಮೀಟರ್ ಓಡ್ತೈತಿ. ಕಿರಾಣಿ ಅಂಗಡಿ ಉದ್ರಿ ಹಂಗಲ್ಲ ಇದು.

ಪ್ರಶ್ನೆ: ಸಿಂಧನೂರಿನಾಗ ಟೀಚರ್ ಇದ್ದೀನಿ. ನಾ ಕೇಳದೇನೇ ಬ್ಯಾಂಕಿಂದ ಕಾರ್ಡ್ ಬಂದೈತಿ, ಇಟ್ಕೊಳ್ಳೋದೋ ಕತ್ತರಿಸೋದೋ?

ಉತ್ತರ: ಕೇಳದೆ ಕಾರ್ಡ್ ಕೊಡೋದು ಆರ್‌ಬಿಐ ನಿಯಮದ ಪ್ರಕಾರ ತಪ್ಪು. ಬ್ಯಾಡಂದ್ರ ಆಕ್ಟಿವೇಟ್ ಮಾಡಬ್ಯಾಡ್ರಿ, ಯಾರರ ಫೋನ್ ಮಾಡಿ ಓಟಿಪಿ ಕೇಳಿದ್ರೂ ಕೊಡಬ್ಯಾಡ್ರಿ. ಸುಮ್ನ ಕತ್ತರಿಸಿದ್ರ ಖಾತೆ ಮುಚ್ಚಂಗಿಲ್ಲ, ಬರವಣಿಗಿ ಒಳಗ ಕ್ಲೋಸ್ ಮಾಡ್ರಿ ಅಂತ ಕೇಳ್ರಿ. ಬಾಕಿ ಏನೂ ಇಲ್ಲಂದ್ರ 7 ಕೆಲಸದ ದಿನದಾಗ ಮುಚ್ಚಬೇಕು, ತಡ ಆದ್ರ ದಿನಕ್ಕ 500 ರೂಪಾಯಿ ಅವರೇ ನಿಮಗ ಕೊಡಬೇಕು.

ಇಟ್ಕೋತೀನಿ ಅಂದ್ರ ಬ್ಯಾಡ ಅನ್ನಂಗಿಲ್ಲ, ನನ್ ಹತ್ರಾನೂ ಒಂದೈತಿ. ಆಟೋ ಡೆಬಿಟ್ ಹಾಕುವಾಗ ಟೋಟಲ್ ಡ್ಯೂ ಅಂತ ಇರೋದನ್ನ ಒತ್ರಿ. ನಾನು ಒಂದ್ಸಲ ನೋಡದೆ ಮಿನಿಮಮ್ ಒತ್ತಿ ನಾಲ್ಕು ತಿಂಗ್ಳು ಎಲ್ಲಾ ಕಟ್ಟಾಗಾಕತ್ತೈತಿ ಅಂತ ಆರಾಮ ಇದ್ದೆ, ಆಮ್ಯಾಲೆ ಬಿಲ್ ನೋಡಿ ಊಟ ಸೇರಲಿಲ್ಲ. ಕಾರ್ಡಿಂದ ಎಟಿಎಂನಾಗ ಕ್ಯಾಶ್ ಅಂತೂ ತಗಿಯಾಕ ಹೋಗಬ್ಯಾಡ್ರಿ, ಅದಕ್ಕ ಫೀನೂ ಐತಿ, ಮದ್ಲ ದಿನದಿಂದ ಬಡ್ಡಿನೂ ಐತಿ.

ಪ್ರಶ್ನೆ: ಗಂಗಾವತಿಯಿಂದ ಬರ್ಯಾಕತ್ತೀನಿ. ಎರಡು ಕಾರ್ಡ್ ಅದಾವ. ಗುರ್ತಿನ ಅಂಗಡಿಯಾಗ ಒಂದನ್ನ 40 ಸಾವಿರಕ್ಕ ಉಜ್ಜಿ, 2 ಪರ್ಸೆಂಟ್ ಕಮಿಷನ್ ಕೊಟ್ಟು ಕ್ಯಾಶ್ ತಗೊಂಡು ಇನ್ನೊಂದರ ಬಿಲ್ ಕಟ್ತೀನಿ. ಬಡ್ಡಿಗಿಂತ ಇದು ಸೋವಿ ಅಲ್ಲೇನ್ರಿ?

ಉತ್ತರ: ಬರೇ ಗಣಿತ ನೋಡಿದ್ರ ಹೌದು, 2 ಅನ್ನೋದು ಮೂರೂವರಿಗಿಂತ ಸಣ್ಣದೇ. ಆದ್ರ ತಿಂಗ್ಳಿಗೆ 800, ವರ್ಷಕ್ಕ 9,600 ಕೊಟ್ಟೂ 40 ಸಾವಿರ ಹಂಗೇ ಕುಂತಿರ್ತೈತಿ. ಒಂದೇ ಅಂಗಡಿಯಾಗ ತಿಂಗ್ಳಾ ಅಷ್ಟೇ ಮೊತ್ತ ಉಜ್ಜಿದ್ರ ಬ್ಯಾಂಕಿನ ಕಣ್ಣಿಗೆ ಬೀಳ್ತೈತಿ, ಕಾರ್ಡ್ ಬ್ಲಾಕ್ ಮಾಡ್ತಾರ, ಆವತ್ತು ತಿರುಗಿಸಾಕ ಕ್ಯಾಶೂ ಇಲ್ಲ ಕಾರ್ಡೂ ಇಲ್ಲ. ಎರಡೂ ಕಾರ್ಡ್ ಇನ್ನೂ ಚಾಲೂ ಇದ್ದಾಗಲೇ ಬಾಕಿನ ಇಎಂಐ ಮಾಡಿಸ್ರಿ.

ಪ್ರಶ್ನೆ: ರಾಯಚೂರಿನಾಗ ಆಟೋಮೊಬೈಲ್ ಅಂಗಡಿ ಇತ್ತು, ಲಾಸ್ ಆಗಿ ಮುಚ್ಚಿದೆ. ಕಾರ್ಡ್ ಆರು ತಿಂಗ್ಳಿಂದ ಕಟ್ಟಿಲ್ಲ. ವಸೂಲಿಯವರು ರಾತ್ರಿ ಹತ್ತಕ್ಕ ಫೋನ್ ಮಾಡ್ತಾರ, ನಮ್ಮ ಮಾವಗೂ ಮಾಡಿ ಜೈಲಿಗೆ ಹಾಕಸ್ತೀವಿ ಅಂದಾರ.

ಉತ್ತರ: ಮದ್ಲ ಹೆದರಿಕಿ ಬಿಡ್ರಿ. ಕೈಯಾಗ ಇಲ್ಲಂತ ಕಾರ್ಡ್ ಸಾಲ ಕಟ್ಟಲಿಲ್ಲ ಅನ್ನೋದಕ್ಕೇ ಯಾರೂ ಜೈಲಿಗೆ ಹಾಕಂಗಿಲ್ಲ, ಅದು ಸಿವಿಲ್ ವ್ಯವಹಾರ. ಆದ್ರ ಅವಸರ ಬಿದ್ದು ಚೆಕ್ ಬರದು ಕೊಡಬ್ಯಾಡ್ರಿ, ಚೆಕ್ ಬೌನ್ಸ್ ಆದ್ರ ಕೇಸೇ ಬ್ಯಾರೆ. ಮುಂಜಾನಿ 8ಕ್ಕಿಂತ ಮದ್ಲ, ಸಂಜಿ 7ರ ಮ್ಯಾಲೆ ವಸೂಲಿ ಫೋನ್ ಮಾಡಬಾರ್ದು ಅಂತ ಆರ್‌ಬಿಐ 2022ರಾಗ ಹೇಳೈತಿ, ಬೀಗರಿಗೆ ಫೋನ್ ಮಾಡಿ ಮಾನ ಕಳಿಯೋದೂ ತಪ್ಪು. ಫೋನ್ ಬಂದ ಟೈಮ್, ನಂಬರ್ ಎಲ್ಲಾ ಬರದಿಟ್ಟು ಬ್ಯಾಂಕಿಗೆ ಇಮೇಲ್‌ನಾಗ ದೂರು ಕೊಡ್ರಿ. 30 ದಿನದಾಗ ಉತ್ತರ ಬರ್ಲಿಲ್ಲಂದ್ರ, ಇಲ್ಲಾ ಬಂದ ಉತ್ತರ ಸರಿ ಅನಿಸಲಿಲ್ಲಂದ್ರ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮ್ಯಾಲಿನ ದೂರು ಕೇಳೋ ಅಧಿಕಾರಿ) ಕೊಡ್ರಿ, ಖರ್ಚಿಲ್ಲ, ಮಾಹಿತಿಗೆ 14448ಕ್ಕ ಫೋನ್ ಮಾಡಬಹುದು.

ಇಷ್ಟು ಕೊಟ್ಟು ಮುಗಿಸ್ರಿ ಅಂತ ಸೆಟ್ಲ್‌ಮೆಂಟ್ ಮಾತು ಅವರೇ ತಗೀತಾರ, ನೋಡ್ತಿರ್ರಿ. ಒಪ್ಪಬಹುದು, ಆದ್ರ ಸಿಬಿಲ್ ರಿಪೋರ್ಟಿನಾಗ (ನೀವು ಸಾಲ ಹೆಂಗ ತೀರಿಸೀರಿ ಅನ್ನೋ ದಾಖಲೆ) ಸೆಟಲ್ಡ್, ಅಂದ್ರ ಪೂರ್ತಿ ಕಟ್ಟಿಲ್ಲ ಅಂತ ಬೀಳ್ತೈತಿ, ಮುಂದ ಅಂಗಡಿಗೆ ಲೋನ್ ಕೇಳುವಾಗ ಅದು ಅಡ್ಡ ಬರ್ತೈತಿ. ಪೂರ್ತಿ ಕಟ್ಟೋ ಶಕ್ತಿ ಇಲ್ಲಾಂದ್ರ ಅದೊಂದೇ ದಾರಿ. ಮೊತ್ತ ಎಷ್ಟು, ಯಾವ ತಾರೀಕು ಅನ್ನೋದು ಬ್ಯಾಂಕಿನ ಲೆಟರ್‌ಹೆಡ್ಡಿನಾಗ ಬರೋ ತನಕ ಒಂದ್ ಪೈಸೆ ಹಾಕಬ್ಯಾಡ್ರಿ, ಹಾಕುವಾಗಲೂ ಏಜೆಂಟಿನ ಫೋನ್‌ಪೇಗೆ ಅಲ್ಲ, ಕಾರ್ಡ್ ಖಾತೆಗೇ ಹಾಕ್ರಿ.