ಸಾಯಣರು ಬೆಳಕಿನ ವೇಗ ಹೇಳಿದ್ದರಾ?

ಪ್ರಶ್ನೆ: ವಿಜಯನಗರದ ಸಾಯಣಾಚಾರ್ಯರು 14ನೇ ಶತಮಾನದಲ್ಲೇ ಬೆಳಕಿನ ವೇಗ ಹೇಳಿದ್ದರು ಅಂತ ನಮ್ಮ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದಿದೆ. ಅವರು ಕೊಟ್ಟ ಲೆಕ್ಕ ಹಾಕಿ ನೋಡಿದೆ. ನಿಜಕ್ಕೂ ಸೆಕೆಂಡಿಗೆ 3 ಲಕ್ಷ ಕಿ.ಮೀ. ಹತ್ತಿರ ಬಂತು! ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಮಕ್ಕಳಿಗೆ ಇದನ್ನು ಹೇಳಬಹುದಾ?
— ಓದುಗರು, ದಾವಣಗೆರೆ

ಉತ್ತರ: ಲೆಕ್ಕ ಹಾಕಿ ನೋಡಿದಿರಲ್ಲ, ಖುಷಿಯಾಯಿತು. ಜಾಸ್ತಿ ಜನ ಸುಮ್ನೆ ಫಾರ್ವರ್ಡ್ ಮಾಡಿ ಮುಂದೆ ಹೋಗುತ್ತಾರೆ.

ಮೊದಲು ಒಂದು ಮಾತು. ಆ ಮೆಸೇಜಿನಲ್ಲಿರುವ ಸಂಸ್ಕೃತ ಸಾಲು ಯಾರೋ ಈಚೆಗೆ ಹುಟ್ಟಿಸಿದ್ದಲ್ಲ. ಋಗ್ವೇದದ ಒಂದನೇ ಮಂಡಲದ 50ನೇ ಸೂಕ್ತ ಸೂರ್ಯನ ಸ್ತುತಿ. ಅದರ ನಾಲ್ಕನೇ ಮಂತ್ರಕ್ಕೆ ಭಾಷ್ಯ ಬರೆಯುವಾಗ ಸಾಯಣರು ‘ಹೀಗೆ ಹೇಳುವುದುಂಟು’ ಎಂದು ಹಳೆಯ ಶ್ಲೋಕವೊಂದನ್ನು ಕೊಡುತ್ತಾರೆ: ‘ಯೋಜನಾನಾಂ ಸಹಸ್ರೇ ದ್ವೇ ದ್ವೇ ಶತೇ ದ್ವೇ ಚ ಯೋಜನೇ, ಏಕೇನ ನಿಮಿಷಾರ್ಧೇನ ಕ್ರಮಮಾಣ ನಮೋಽಸ್ತು ತೇ.’ ಅಂದರೆ, ಅರ್ಧ ನಿಮಿಷದಲ್ಲಿ 2,202 ಯೋಜನ ಸಾಗುವವನೇ, ನಿನಗೆ ನಮಸ್ಕಾರ. (ಯೋಜನ ಎಂದರೆ ದೂರದ ಹಳೆಯ ಅಳತೆ. ಇಲ್ಲಿ ನಿಮಿಷ ಎಂದರೆ ಕಣ್ಣೆವೆ ಬಡಿಯುವಷ್ಟು ಹೊತ್ತು, ನಮ್ಮ ಗಡಿಯಾರದ ನಿಮಿಷ ಅಲ್ಲ.)

ನಮಸ್ಕಾರ ಯಾರಿಗೆ? ಸೂರ್ಯನಿಗೆ. ಸಾಗುತ್ತಿರುವವನೂ ಅವನೇ. ಬೆಳಕು ಸಾಗುತ್ತದೆ ಎಂದು ಶ್ಲೋಕದಲ್ಲಿ ಇಲ್ಲ, ಅದನ್ನು ಸೇರಿಸಿದವರು ನಮ್ಮ ಕಾಲದವರು. ಸೂರ್ಯನ ಓಟವನ್ನು ಹೀಗೆ ಯೋಜನಗಳಲ್ಲಿ ಹೇಳುವುದು ಪುರಾಣಗಳಲ್ಲಿ ಮಾಮೂಲು. ಭಾಗವತದ ಐದನೇ ಸ್ಕಂಧದಲ್ಲಿ ಸೂರ್ಯ ಒಂದು ಕ್ಷಣಕ್ಕೆ ಎರಡು ಸಾವಿರ ಯೋಜನಕ್ಕಿಂತ ಸ್ವಲ್ಪ ಜಾಸ್ತಿ ಹೋಗುತ್ತಾನೆ ಎಂದಿದೆ. ಅದನ್ನು ಯಾರೂ ಬೆಳಕಿನ ವೇಗ ಅನ್ನುವುದಿಲ್ಲ, ಅಲ್ವಾ?

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಆ ಮೆಸೇಜ್ ಯೋಜನವನ್ನು ಸುಮಾರು 14.5 ಕಿ.ಮೀ. ಎಂದು ಹಿಡಿಯುತ್ತದೆ. ನಿಮಿಷಕ್ಕೆ ವಿಷ್ಣುಪುರಾಣದ ಅಳತೆ. ಅದರಂತೆ ಒಂದು ದಿನಕ್ಕೆ 4,05,000 ನಿಮಿಷ, ಅಂದರೆ ಒಂದು ನಿಮಿಷಕ್ಕೆ ಸುಮಾರು 0.213 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 2,99,000 ಕಿ.ಮೀ. ಚಿಲ್ಲರೆ. ನಿಜವಾದ ಬೆಲೆ 2,99,792. ಎದೆ ಝಲ್ಲೆನ್ನುವುದು ಸಹಜ.

ಆದರೆ ಯೋಜನಕ್ಕೆ ಒಂದೇ ಅಳತೆ ಇರಲಿಲ್ಲ. ಆರ್ಯಭಟ ಭೂಮಿಯ ವ್ಯಾಸ 1,050 ಯೋಜನ ಎನ್ನುತ್ತಾನೆ. ಭೂಮಿಯ ನಿಜವಾದ ವ್ಯಾಸ 12,742 ಕಿ.ಮೀ. ಇಟ್ಟುಕೊಂಡರೆ ಅವನ ಯೋಜನ 12 ಕಿ.ಮೀ. ಆಸುಪಾಸು. ಆಗ ಉತ್ತರ ಎರಡೂವರೆ ಲಕ್ಷಕ್ಕೆ ಇಳಿಯುತ್ತದೆ. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದಲ್ಲಿ ಅದೇ ವ್ಯಾಸ 1,600 ಯೋಜನ. ಅಲ್ಲಿಗೆ ಯೋಜನ 8 ಕಿ.ಮೀ., ಉತ್ತರ 1 ಲಕ್ಷ 64 ಸಾವಿರ. ನಿಮಿಷದ ಕಥೆಯೂ ಅಷ್ಟೆ. ಭಾಸ್ಕರಾಚಾರ್ಯರ ಸಿದ್ಧಾಂತ ಶಿರೋಮಣಿಯಲ್ಲಿ ದಿನಕ್ಕೆ 9,72,000 ನಿಮಿಷ. ಅದನ್ನು 14.5 ಕಿ.ಮೀ. ಯೋಜನದ ಜೊತೆ ಸೇರಿಸಿ ನೋಡಿ, 7 ಲಕ್ಷ ದಾಟುತ್ತದೆ. ಅದೇ ಶ್ಲೋಕ, ಅವೇ 2,202 ಯೋಜನ. ಒಂದೂವರೆ ಲಕ್ಷದಿಂದ ಏಳು ಲಕ್ಷದವರೆಗೆ ಯಾವ ಉತ್ತರ ಬೇಕಾದರೂ ಸಿಗುತ್ತದೆ. ಪರೀಕ್ಷೆ ಹಾಲಿನಲ್ಲಿ ಉತ್ತರ ಮೊದಲೇ ಗೊತ್ತಿರುವ ಹುಡುಗ ಲೆಕ್ಕವನ್ನು ಹಿಂದಿನಿಂದ ಕೂಡಿಸುತ್ತಾನಲ್ಲ, ಇದು ಅದೇ ಕೆಲಸ.

ನನಗೆ ಇದಕ್ಕಿಂತ ಗಟ್ಟಿ ಅನ್ನಿಸುವ ವಾದ ಬೇರೆ ಇದೆ. ಬೆಳಕಿನ ವೇಗ ಗೊತ್ತಿದ್ದರೆ ಅದು ಎಲ್ಲಾದರೂ ಬಳಕೆಗೆ ಬರಬೇಕಿತ್ತು. ನಮ್ಮ ಸಿದ್ಧಾಂತ ಗ್ರಂಥಗಳು ಗ್ರಹಣದ ಹೊತ್ತು ಲೆಕ್ಕ ಹಾಕಲು ಎಷ್ಟೋ ತಿದ್ದುಪಡಿ ಮಾಡುತ್ತವೆ. ಬೆಳಕು ಬಂದು ತಲುಪಲು ಹೊತ್ತು ಹಿಡಿಯುತ್ತದೆ ಎಂಬ ತಿದ್ದುಪಡಿ ಅವುಗಳಲ್ಲಿ ಇಲ್ಲ. ಸೂರ್ಯಸಿದ್ಧಾಂತ ಸೂರ್ಯನ ಕಕ್ಷೆಯ ಸುತ್ತಳತೆ 43,31,500 ಯೋಜನ ಎನ್ನುತ್ತದೆ. ಅದರ ಪ್ರಕಾರ ಸೂರ್ಯ ನಮ್ಮಿಂದ ಸುಮಾರು 55 ಲಕ್ಷ ಕಿ.ಮೀ. ದೂರ. ನಿಜವಾಗಿ 15 ಕೋಟಿ ಕಿ.ಮೀ. ಇದನ್ನು ಹೇಳುವುದು ಅವರನ್ನು ಹೀಗಳೆಯಲು ಅಲ್ಲ. ದುರ್ಬೀನು ಇಲ್ಲದ ಕಾಲದಲ್ಲಿ ಸೂರ್ಯನ ದೂರ ಗ್ರೀಕರಿಗೂ ಸಿಕ್ಕಿರಲಿಲ್ಲ.

ಬೆಳಕಿಗೆ ವೇಗ ಉಂಟು ಎಂದು ಜಗತ್ತಿಗೆ ಗೊತ್ತಾದದ್ದು ಹೇಗೆ? 1676ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಓಲೆ ರೋಮರ್ ಪ್ಯಾರಿಸ್ಸಿನಲ್ಲಿ ಗುರುಗ್ರಹದ ಉಪಗ್ರಹ ಅಯೋದ ಗ್ರಹಣಗಳನ್ನು ನೋಡುತ್ತಿದ್ದ. ಭೂಮಿ ಗುರುವಿನಿಂದ ದೂರ ಹೋಗುವಾಗ ಆ ಗ್ರಹಣಗಳು ತಡವಾಗುತ್ತಿದ್ದವು. ಭೂಮಿಯ ಕಕ್ಷೆಯನ್ನು ಅಡ್ಡ ದಾಟಲು ಬೆಳಕಿಗೆ ಸುಮಾರು 22 ನಿಮಿಷ (ಇದು ಗಡಿಯಾರದ ನಿಮಿಷ) ಬೇಕು ಎಂದ. ಅದು ತಪ್ಪು, ನಿಜವಾಗಿ 17 ನಿಮಿಷಕ್ಕೂ ಸ್ವಲ್ಪ ಕಡಿಮೆ. ಆದರೂ ಅವನ ಹೆಸರು ಉಳಿದಿದೆ. ಏನು ನೋಡಿದೆ, ಹೇಗೆ ಲೆಕ್ಕ ಹಾಕಿದೆ ಎಂದು ಹೇಳಿದ್ದರಿಂದ ಉಳಿದವರು ಅದನ್ನು ತಿದ್ದಲು ಆಯಿತು. 1849ರಲ್ಲಿ ಫ್ರಾನ್ಸಿನ ವಿಜ್ಞಾನಿ ಫಿಜೋ 720 ಹಲ್ಲಿನ ಚಕ್ರ ತಿರುಗಿಸಿ, ಎಂಟೂವರೆ ಕಿ.ಮೀ. ಆಚೆಯ ಕನ್ನಡಿಗೆ ಬೆಳಕು ಹಾಯಿಸಿ, ನೆಲದ ಮೇಲೇ ವೇಗ ಅಳೆದ. ಶ್ಲೋಕದ ಹಿಂದೆ ಇಂಥ ಯಾವ ದಾರಿಯೂ ಇಲ್ಲ.

ಮಕ್ಕಳಿಗೆ ಸಾಯಣರ ಕಾಲದ ಗಣಿತ ಹೇಳಬೇಕೇ? ಧಾರಾಳವಾಗಿ ಹೇಳಿ. ಅದೇ ಹೊತ್ತಿಗೆ ಕೇರಳದಲ್ಲಿ ಸಂಗಮಗ್ರಾಮದ ಮಾಧವ ಇದ್ದ. ವೃತ್ತದ ವ್ಯಾಸ 9,00,00,00,00,000 ಆದರೆ ಪರಿಧಿ 28,27,43,33,88,233 ಎಂದ. ಭಾಗಿಸಲು ಮಕ್ಕಳಿಗೇ ಕೊಡಿ. ಪೈ ಬೆಲೆ ಹತ್ತು ದಶಮಾಂಶ ಸ್ಥಾನದವರೆಗೆ ಸರಿ ಬರುತ್ತದೆ. ಇಲ್ಲಿ ಅಳತೆ ಬದಲಿಸುವ ಆಟ ನಡೆಯುವುದಿಲ್ಲ, ಪೈಗೆ ಯೋಜನವೂ ಇಲ್ಲ, ಕಿ.ಮೀ.ಯೂ ಇಲ್ಲ. ಜೊತೆಗೆ ಆ ಬೆಲೆ ಹುಡುಕುವ ಶ್ರೇಣಿಯೂ ಅವನ ಶಿಷ್ಯಪರಂಪರೆಯ ಗ್ರಂಥಗಳಲ್ಲಿ ಇದೆ.

ಪ್ರಶ್ನೆ: ಮಗನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ‘ವೈಮಾನಿಕ ಶಾಸ್ತ್ರ’ದ ಶಕುನ ವಿಮಾನದ ಮಾಡೆಲ್ ಮಾಡೋಣ ಅಂತಿದ್ದೇವೆ. ಇದು ಭರದ್ವಾಜ ಮಹರ್ಷಿಗಳದ್ದು ಅನ್ನುವುದು ನಿಜವೇ?
— ಓದುಗರು, ತುಮಕೂರು

ಉತ್ತರ: ಅಲ್ಲ. ಇದು ನಮ್ಮ ಕಡೆಯದೇ ಕಥೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಈ ಗ್ರಂಥದ ಶ್ಲೋಕಗಳನ್ನು ಹೇಳಿ ಬರೆಸಿದರು. ಚಿತ್ರಗಳನ್ನು ಬೆಂಗಳೂರಿನ ಡ್ರಾಫ್ಟ್ಸ್‌ಮನ್ ಒಬ್ಬರು ಬಿಡಿಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇಂಜಿನಿಯರಿಂಗ್ ವಿದ್ವಾಂಸರು ಇದನ್ನು ಕೂತು ಓದಿದರು. ಸಂಸ್ಕೃತ ವೇದಕಾಲದ್ದಲ್ಲ, ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಚಿತ್ರದಲ್ಲಿರುವ ವಿಮಾನಗಳು ಹಾರುವಂಥವೂ ಅಲ್ಲ ಎಂದು ಬರೆದರು. ನಂಬದವರು ಸುಮ್ನೆ ನಕ್ಕು ಬಿಡಬಹುದಿತ್ತು. ಇವರು ಹಾಗೆ ಮಾಡದೆ ಲೆಕ್ಕ ಹಾಕಿಯೇ ಹೇಳಿದ್ದು ನನಗೆ ಇಷ್ಟ.

ಮಗನಿಗೆ ಆ ಚಿತ್ರ ತುಂಬಾ ಹಿಡಿಸಿದ್ದರೆ ಮಾಡೆಲ್ ಮಾಡಲಿ, ಬೇಡ ಅನ್ನಬೇಡಿ. ಪಕ್ಕದ ಚಾರ್ಟಿನಲ್ಲಿ ಶಾಸ್ತ್ರಿಗಳ ಹೆಸರು, 1923 ಎಂಬ ಇಸವಿ, ಇದು ಏಕೆ ಹಾರುವುದಿಲ್ಲ ಎಂಬ ವಿವರ ಇರಲಿ. ತೀರ್ಪುಗಾರರು ಕೇಳುವ ಪ್ರಶ್ನೆಗಳಿಗೆ ಅವನ ಹತ್ತಿರ ಉತ್ತರ ಇರುತ್ತದೆ.